ಚೀಲದ ತೂಕ ಕಳೆದು

ತೂಕದ ಕಾಟಾ ಎಲ್ಲಿ ಕಂಡರೂ ಹತ್ತಿ ನಿಲ್ಲುವುದು ನನಗೊಂದು ಚಟವಾಗಿಬಿಟ್ಟಿದೆ. ಔಷಧಿ ಅಂಗಡಿಯ ಬಾಗಿಲಲ್ಲಿಟ್ಟ ಗಾಜಿನ ಕಾಟಾ, ರದ್ದಿ ಪೇಪರ್ ಅಂಗಡಿಯ ತುಕ್ಕು ಹಿಡಿದ ಕಾಟಾ, ಮದುವೆ ಮನೆಯಲ್ಲಿ ಅಕ್ಕಿ ತೂಗಲು ತಂದಿಟ್ಟ ಕಾಟಾ, ಯಾವುದನ್ನೂ ಬಿಟ್ಟವನಲ್ಲ. ಚಪ್ಪಲಿ ಕಳಚಿ, ಮೊಬೈಲು ತೆಗೆದು ಪಕ್ಕದವರ ಕೈಗೆ ಕೊಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಗಾಳಿಗೂ ತೂಕವಿದೆ ಎಂದು ಎಲ್ಲೋ ಓದಿದ್ದೆ. ಎಷ್ಟು ಎಂದು ನೆನಪಿಲ್ಲ. ಇರಲಿ, ಇದ್ದಷ್ಟು ಒಳಗೇ ಇರಲಿ ಎಂದು ಉಸಿರು ಬಿಡುವುದಿಲ್ಲ.

ದಪ್ಪಗಿರುವವರು ಕಾಟಾ ಕಂಡರೆ ಮುಖ ತಿರುಗಿಸುತ್ತಾರಂತೆ. ಹುಟ್ಟಾ ತೆಳ್ಳಗಿರುವವರ ಸಂಕಟ ಬೇರೆ ಥರದ್ದು. ನಮ್ಮನ್ನು ಕಂಡವರೆಲ್ಲ ಕಣ್ಣಿನಲ್ಲೇ ತೂಗಿಬಿಡುತ್ತಾರೆ, ಆಮೇಲೆ ಬಂದ ಅಂಕಿಯನ್ನು ಜೋರಾಗಿ ಓದಿ ಹೇಳುತ್ತಾರೆ. ಮನೆಯಲ್ಲಿ ಊಟ ಹಾಕುವುದಿಲ್ಲವೇ ಎಂದು ಕೇಳುತ್ತಾರೆ. ಗಾಳಿ ಬಂದಾಗ ಕಂಬ ಹಿಡಿದುಕೋ ಎನ್ನುತ್ತಾರೆ. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ಟಂಟಂ ಆಟೋದಲ್ಲಿ ಮೂವರು ಕೂರುವ ಸೀಟಿಗೆ ನಾಲ್ಕನೆಯವನಾಗಿ ಯಾವಾಗಲೂ ನನ್ನನ್ನೇ ತುರುಕುತ್ತಾರೆ. ಡ್ರೈವರ್ ನನ್ನನ್ನು ದೂರದಿಂದ ನೋಡಿಯೇ 'ಇನ್ನೊಬ್ರಿಗೆ ಜಾಗಾ ಐತಿ' ಎಂದು ಕೂಗುತ್ತಾನೆ. ಇಪ್ಪತ್ಮೂರು ವರ್ಷ ಹೀಗೆ ಕಳೆದಿದ್ದೇನೆ. ಐದು ಅಡಿ ಎರಡು ಅಂಗುಲ ಎತ್ತರ, ನಲವತ್ತೆರಡು ಕಿಲೋ ತೂಕ. ನನ್ನ ಅಪ್ಪನೂ ಹೀಗೇ ಇದ್ದರಂತೆ. ಅವರ ಮದುವೆಯ ಫೋಟೋದಲ್ಲಿ ರುಮಾಲಿನ ಕೆಳಗೆ ಯಾರಿದ್ದಾರೆ ಎಂದು ಹುಡುಕಬೇಕು.

ಹಾಗೆ ನೋಡಿದರೆ ನಮ್ಮೂರಿನಲ್ಲಿ ತೆಳ್ಳಗಿರುವುದಕ್ಕೆ ಮರ್ಯಾದೆ ಕಡಿಮೆಯೇನಲ್ಲ, ಮೆಣಸಿನಕಾಯಿಗಳ ಮಟ್ಟಿಗೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಎಂದೊಂದು ಇದೆ, ಗಿಡ್ಡ, ದುಂಡು. ಕಡ್ಡಿ ಎಂದೊಂದು ಇದೆ, ಉದ್ದ, ಸಪೂರ, ಮೈತುಂಬ ಸುಕ್ಕು. ಕಡ್ಡಿಯನ್ನು ಕೈಯಲ್ಲಿ ಹಿಡಿದರೆ ಏನೂ ಹಿಡಿದಂತೆ ಆಗುವುದಿಲ್ಲ. ಆದರೆ ಅದರ ಬಣ್ಣಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನನ್ನ ಅಣ್ಣ ಇಲ್ಲಿನ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದಾನೆ. ರೈತರು ತಂದ ಚೀಲಗಳ ಮೇಲೆ ಗುರುತು ಹಾಕುವುದು, ತೂಗುವಾಗ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಅಂದರೆ ದಿನವಿಡೀ ತೂಕದ ನಡುವೆಯೇ ಇರುವವನು ನಾನು. ಇದನ್ನು ಈಗಲೇ ಹೇಳಿಡುತ್ತೇನೆ. ಮುಂದೆ ನಾನು ಮಾಡಿದ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಲು ಇದು ಬೇಕಾಗುತ್ತದೆ.

ತೂಕ ಹೆಚ್ಚಿಸಿಕೊಳ್ಳುವ ಹುಕಿ ನನಗೆ ಚಂದಕ್ಕಾಗಿ ಬಂದದ್ದಲ್ಲ. ಅತ್ತಿಗೆ ಬಸುರಿಯಾಗಿದ್ದಳು. ಆರನೆಯ ತಿಂಗಳಲ್ಲಿ ರಾಣೆಬೆನ್ನೂರಿನ ಡಾಕ್ಟರು ಎರಡು ವಿಷಯ ಹೇಳಿದರು. ಒಂದು, ಅತ್ತಿಗೆಯ ಮೈಯಲ್ಲಿ ರಕ್ತ ಕಡಿಮೆ ಇದೆ, ಗುಳಿಗೆ ತಪ್ಪಿಸಬಾರದು. ಇನ್ನೊಂದು, ಅವಳದು ಬಿ ನೆಗೆಟಿವ್, ಸುಲಭಕ್ಕೆ ಸಿಗುವ ಗುಂಪಲ್ಲ, ಹೆರಿಗೆಯ ಹೊತ್ತಿಗೆ ಕೊಡುವವರನ್ನು ಈಗಲೇ ನೋಡಿಟ್ಟುಕೊಳ್ಳಿ. ಅಣ್ಣ ಪರೀಕ್ಷೆ ಮಾಡಿಸಿದ, ಅವನದು ಬೇರೆ. ಅತ್ತಿಗೆಯ ತವರಿನವರು ಮಾಡಿಸಿದರು, ಅವರದೂ ಬೇರೆ. ಕಡೆಗೆ ನನ್ನ ಕಾಲೇಜಿನ ಹಳೇ ಗುರುತಿನ ಚೀಟಿಯ ಹಿಂದೆ ಬಿ ನೆಗೆಟಿವ್ ಎಂದು ಇತ್ತು. ಮನೆಯವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಎಲ್ಲರೂ ನನ್ನನ್ನು ತೂಗದೆ ನೋಡಿದ್ದು ಅದು.

ಜನವರಿಯ ಒಂದು ದಿನ ಸಂಭ್ರಮದಿಂದ ಹಾವೇರಿಯ ರಕ್ತನಿಧಿಗೆ ಹೋದೆ. ಹೆಸರು ಬರೆಸಿ, ಒಂದು ಸಲ ರಕ್ತ ಕೊಟ್ಟು ರೂಢಿ ಮಾಡಿಕೊಂಡು ಬರೋಣ ಎಂದು. ಅಲ್ಲಿದ್ದ ಸಿಸ್ಟರು ಬೆರಳು ಚುಚ್ಚಿ ನೋಡಿ ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದರು. ಆಮೇಲೆ ಕಾಟಾ ಹತ್ತಲು ಹೇಳಿದರು. ನಲವತ್ತೆರಡು.

"ನಲವತ್ತೈದು ಆಗಬೇಕ್ರಿ ತಮ್ಮಾ. ಉಂಡು ಬರ್ರಿ" ಎಂದರು.

ಇಲ್ಲೇ ಪಕ್ಕದ ಖಾನಾವಳಿಯಲ್ಲಿ ಉಂಡು ಬಂದರೆ ನಡೆಯುತ್ತದೆಯೇ ಎಂದು ಕೇಳಿದೆ. ನಾನು ತಮಾಷೆಗೆ ಕೇಳಿದ್ದಲ್ಲ. ಅವರು ನನ್ನ ಮುಖ ನೋಡಿ ಹೇಳಿದರು: "ಮೂರು ತಿಂಗಳು ಉಂಡು ಬರ್ರಿ."

ಹೆರಿಗೆಗೆ ಉಳಿದಿದ್ದದ್ದು ಸರಿಯಾಗಿ ಮೂರು ತಿಂಗಳು ಚಿಲ್ಲರೆ. ಮೂರು ಕಿಲೋ, ಮೂರು ತಿಂಗಳು. ಕೇಳಲು ಸುಲಭ. ಆದರೆ ಹಿಂದಿನ ಐದು ವರ್ಷದಲ್ಲಿ ಮೂರು ನೂರು ಗ್ರಾಂ ಕೂಡ ಏರದ ದೇಹ ಇದು. ಅಂದು ಸಂಜೆ ಬ್ಯಾಡಗಿಗೆ ಮರಳಿ ನಮ್ಮ ಅಂಗಡಿಯ ಕಾಟಾ ಹತ್ತಿದೆ. ಮೆಣಸಿನಕಾಯಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಅದು, ಅಗಲವಾದ ಕಬ್ಬಿಣದ ಹಾಸು, ಎದುರಿಗೆ ಕೆಂಪು ಅಂಕಿ. ನಲವತ್ತೊಂದು ತೋರಿಸಿತು. ಬೆಳಿಗ್ಗೆ ನಲವತ್ತೆರಡಿದ್ದವನು ಸಂಜೆಗೆ ನಲವತ್ತೊಂದು. ಚಿಂತೆ ಮತ್ತು ಹಾವೇರಿ ಬಸ್ಸು ಸೇರಿ ಒಂದು ಕಿಲೋ ತಿಂದುಹಾಕಿವೆ ಎಂದು ನಂಬಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ನಲವತ್ತೊಂದು ಎಂದು ಬರೆದೆ. ಅಲ್ಲಿಂದ ನನ್ನ ಸಾಧನೆ ಶುರು.

ನಾನು ಯಾವುದನ್ನೇ ಹಿಡಿದರೂ ಮೊದಲು ಮೊಬೈಲಿನಲ್ಲಿ ಓದುತ್ತೇನೆ. ಗುರು ಇಲ್ಲದೆ ಹಾರ್ಮೋನಿಯಂ ಕಲಿತದ್ದು ಹಾಗೆ, ಮೋಟಾರ್ ಬಿಚ್ಚಲು ಕಲಿತದ್ದು ಹಾಗೆ. ಹಾರ್ಮೋನಿಯಂ ಕೇಳಿದವರನ್ನೂ ಮೋಟಾರನ್ನೂ ನೀವು ವಿಚಾರಿಸಬಾರದು. ಎರಡು ದಿನ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು: ಜಗತ್ತಿನಲ್ಲಿ ತೂಕ ಇಳಿಸುವವರಿಗೆ ಒಂದು ಸಾವಿರ ದಾರಿ ಇವೆ, ಏರಿಸುವವರಿಗೆ ಇರುವುದು ಒಂದು ಡಬ್ಬ. ಡಬ್ಬದ ಮೇಲೆ ತೋಳು ಉಬ್ಬಿಸಿದ ಗಂಡಸಿನ ಚಿತ್ರ. ತರಿಸಿದೆ. ಹಾಲಿನಲ್ಲಿ ಕಲಸಿ ಕುಡಿದರೆ ಸುಣ್ಣದ ಜೊತೆ ಚಾಕಲೇಟು ನೆಕ್ಕಿದಂತೆ ಇತ್ತು. ಹೊಟ್ಟೆ ಕಲ್ಲಿನಂತಾಗಿ, ರಾತ್ರಿ ಊಟವೇ ಬೇಡವಾಗುತ್ತಿತ್ತು. ಇದೇನು ನಮೂನೆ, ತೂಕ ಹೆಚ್ಚಿಸುವ ಪುಡಿ ತಿಂದು ರೊಟ್ಟಿ ಬಿಡುವುದು!

ಇದನ್ನು ನೋಡಿ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ತಾನೇ ಕೈಹಾಕಿದಳು. ಆಯಿಯ ಪ್ರಕಾರ ಮನುಷ್ಯ ದಪ್ಪಗಾಗಲು ಗೋದಿ ಹುಗ್ಗಿಗಿಂತ ಬೇರೆ ವಿದ್ಯೆ ಇಲ್ಲ. ಬೆಲ್ಲ, ತುಪ್ಪ, ಕೊಬ್ಬರಿ, ಗಸಗಸೆ ಹಾಕಿ ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಒಂದು, ಸಂಜೆ ಒಂದು. ಮೇಲೆ ಬಾವಿಯ ಬಾಯಿಯಷ್ಟು ತುಪ್ಪದ ಕುಣಿ. ಕದರಮಂಡಲಗಿಯ ಹಣಮಪ್ಪನಿಗೂ ಹರಕೆ ಹೇಳಿಕೊಂಡು ಬಂದಳು. ನನ್ನ ಹೊಟ್ಟೆ ನಾಲ್ಕು ದಿನ ತಾಳಿತು, ಐದನೆಯ ದಿನ ಕೈಬಿಟ್ಟಿತು. ಎರಡು ದಿನ ನಾನು ಮನೆಯ ಹಿಂಭಾಗದಲ್ಲೇ ಇದ್ದೆ ಎಂದರೆ ಸಾಕು. ಮೂರನೆಯ ದಿನ ಕಾಟಾ ಹತ್ತಿದರೆ ನಲವತ್ತು ಕಿಲೋ ಇನ್ನೂರು ಗ್ರಾಂ. ಗೋಡೆಯ ಮೇಲೆ ಅದನ್ನೂ ಬರೆದೆ, ಸಣ್ಣ ಅಕ್ಷರದಲ್ಲಿ.

ಆಗ ಮಾತ್ರ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಅತ್ತಿಗೆಯ ಜೊತೆ ರಾಣೆಬೆನ್ನೂರಿಗೆ ಹೋದಾಗ ಅಲ್ಲಿಯೇ ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡೆ. ಥೈರಾಯ್ಡ್ ನೋಡಿದರು, ಸಕ್ಕರೆ ನೋಡಿದರು, ಹೊಟ್ಟೆಹುಳಕ್ಕೆ ಒಂದು ಗುಳಿಗೆ ಕೊಟ್ಟರು. ಏನೂ ರೋಗವಿಲ್ಲ, ಮೈಕಟ್ಟೇ ಅಂಥದ್ದು, ತಿನ್ನುವುದು ಸಾಲುತ್ತಿಲ್ಲ ಅಷ್ಟೇ ಎಂದರು. ನನಗೆ ಸಿಟ್ಟು ಬಂತು. ನಾನು ಎಷ್ಟು ತಿನ್ನುತ್ತೇನೆ ಎಂದು ನನಗೆ ಗೊತ್ತಿಲ್ಲವೇ? ತೆಳ್ಳಗಿರುವವರೆಲ್ಲ ಹೇಳುವ ಮಾತು ನಾನೂ ಹೇಳಿದೆ: ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಡಾಕ್ಟರು ವಾದ ಮಾಡಲಿಲ್ಲ. ಮೂರು ದಿನ, ಬಾಯಿಗೆ ಹಾಕಿದ್ದನ್ನೆಲ್ಲ ಬರೆದಿಡು ಎಂದರು.

ಬರೆಯುವುದು ನನ್ನ ಕಸುಬು. ಬರೆದೆ. ಮೂರನೆಯ ದಿನ ಓದಿ ನೋಡಿದರೆ ಆ ಚೀಟಿ ಯಾರೋ ಉಪವಾಸದವರದು ಎಂಬಂತಿತ್ತು. ಬೆಳಿಗ್ಗೆ ಚಹಾ. ಒಂಬತ್ತಕ್ಕೆ ಅರ್ಧ ತಾಟು ಉಪ್ಪಿಟ್ಟು. ಆಮೇಲೆ ಚಹಾ, ಚಹಾ, ಚಹಾ. ಮಾರುಕಟ್ಟೆಯಲ್ಲಿ ರೈತ ಬಂದರೆ ಚಹಾ, ಖರೀದಿದಾರ ಬಂದರೆ ಚಹಾ, ಇಬ್ಬರೂ ಬರದಿದ್ದರೆ ಬೇಸರಕ್ಕೆ ಚಹಾ. ದಿನಕ್ಕೆ ಒಂಬತ್ತು. ಎಲ್ಲವೂ ಅರ್ಧ ಕಪ್ಪು, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ನಾನು ತಿಳಿದಿದ್ದೆ. ಹಸಿವು ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿದು ಮುಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನ ಸವಾಲು, ಎಂದರೆ ಮಾಲಿನ ಹರಾಜು, ಮುಗಿದ ಮೇಲೆ ಮೂರು ಗಂಟೆಗೆ ಎರಡು ರೊಟ್ಟಿ, ರಾತ್ರಿ ಒಂದೂವರೆ. ಅಮಾವಾಸ್ಯೆಗೊಮ್ಮೆ ಹೋಳಿಗೆ ಮಾಡಿದಾಗ ಐದು ತಿನ್ನುತ್ತೇನಲ್ಲ, ಆ ಒಂದು ದಿನವನ್ನೇ ನಾನು ತಿಂಗಳಿಡೀ ನೆನಪಿಟ್ಟುಕೊಂಡಿದ್ದೆ.

ಅಲ್ಲಿಂದ ಮುಂದೆ ನಾನು ಮಾಡಿದ್ದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಅದೇ ಅದರ ಗುಟ್ಟು. ಊಟದ ಮುಂಚಿನ ಚಹಾ ಬಿಟ್ಟೆ. ಒಂಬತ್ತನ್ನು ಎರಡಕ್ಕೆ ಇಳಿಸಿದೆ. ಹನ್ನೊಂದು ಗಂಟೆಗೆ ಒಂದು ಮುಷ್ಟಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ. ರೊಟ್ಟಿಯ ಜೊತೆ ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಅದರ ಮೇಲೆ ಎಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು. ಮೊದಲು ಪಲ್ಯಕ್ಕೆ ಕೈ, ಕಡೆಗೆ ನೀರಿಗೆ ಕೈ. ಹೆಸರುಕಾಳು ಮೊಳಕೆ. ಸಂಜೆ ಬಾಳೆಹಣ್ಣು, ಮಲಗುವ ಮುಂಚೆ ಹಾಲು. ತಿಂದದ್ದೆಲ್ಲ ಬರೀ ಹೊಟ್ಟೆಯಾಗಿ ಕೂರಬಾರದು ಎಂದು ಬೆಳಿಗ್ಗೆ ದಂಡ, ಬೈಠಕ್ಕು. ಡಬ್ಬದಲ್ಲಿ ಉಳಿದ ಪುಡಿಯನ್ನು ಆಯಿ ದನಕ್ಕೆ ಹಾಕಲು ನೋಡಿದಳಂತೆ, ದನ ಮೂಸಿ ಹಿಂದೆ ಸರಿಯಿತಂತೆ.

ಇದರಲ್ಲಿ ನನಗೊಬ್ಬ ಜೊತೆಗಾರ್ತಿ ಸಿಕ್ಕಿದ್ದಳು. ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿಸಿಕೊಂಡು ಅತ್ತಿಗೆ ಹೆರಿಗೆಗೆಂದು ರಾಣೆಬೆನ್ನೂರಿನ ತವರಿಗೆ ಹೋದಳು. ಕಬ್ಬಿಣದ ಗುಳಿಗೆ ಕಂಡರೆ ಅವಳಿಗೆ ಓಕರಿಕೆ. ನಮ್ಮ ಮನೆಯಲ್ಲಿದ್ದಾಗ ಕಪಾಟಿನಲ್ಲಿ ಬಚ್ಚಿಟ್ಟು ನುಂಗಿದೆ ಎನ್ನುತ್ತಿದ್ದಳು. ಇದು ಅಣ್ಣನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾನು ಮೊದಮೊದಲು ರಾತ್ರಿಯ ಹಾಲನ್ನು ಗಿಡಕ್ಕೆ ಸುರಿಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಹೋಗುವ ದಿನ ಅವಳೇ ಒಪ್ಪಂದ ಮಾಡಿದಳು.

"ನೀ ಹಾಲು ಕುಡಿ, ನಾ ಗುಳಿಗಿ ನುಂಗತೇನಿ. ಐತವಾರಕ್ಕೊಮ್ಮೆ ಫೋನ್ ಹಚ್ಚಿ ಹೇಳೋದು. ಸುಳ್ಳ ಹೇಳಿದ್ರ ಇಬ್ಬರಿಗೂ ನುಕಸಾನ, ನೋಡ."

ಪ್ರತಿ ಭಾನುವಾರ ಅವಳು ತನ್ನ ತೂಕ ಹೇಳುತ್ತಿದ್ದಳು, ನಾನು ನನ್ನದು ಹೇಳುತ್ತಿದ್ದೆ. ಅವಳದು ಅರ್ಧ ಕಿಲೋ ಏರಿದ ವಾರ ನನ್ನದು ಇನ್ನೂರು ಗ್ರಾಂ. ಅವಳ ಒಳಗೆ ಇನ್ನೊಬ್ಬರು ಇದ್ದಾರೆ, ನನ್ನೊಳಗೆ ನಾನೊಬ್ಬನೇ, ಪೈಪೋಟಿ ಸರಿಯಲ್ಲ ಎಂದು ನಾನು ಹೇಳಿದರೆ, ಶೇಂಗಾ ತಿಂದಿದ್ದೀಯಾ ಇಲ್ಲವಾ ಅದನ್ನು ಮೊದಲು ಹೇಳು ಎನ್ನುತ್ತಿದ್ದಳು.

ಒಂದು ವಾರ ಮಾತ್ರ ನಾನು ಸುಳ್ಳಿನ ಹತ್ತಿರ ಹೋದೆ. ಮಾರ್ಚ್ ಕೊನೆ. ಅಂಕಿ ನಲವತ್ಮೂರು ಮುನ್ನೂರಕ್ಕೆ ಬಂದು ಹತ್ತು ದಿನ ಅಲ್ಲಾಡಲಿಲ್ಲ. ಅತ್ತಿಗೆಗೆ ಅದನ್ನೇ ಮತ್ತೆ ಹೇಳಲು ಮನಸ್ಸಾಗಲಿಲ್ಲ. ಭಾನುವಾರ ಬೆಳಿಗ್ಗೆ ಒಂದೂವರೆ ತಂಬಿಗೆ ನೀರು ಕುಡಿದು ಕಾಟಾ ಹತ್ತಿದೆ. ನಲವತ್ನಾಲ್ಕು ಎಂಟುನೂರು. ನನಗೇ ಖುಷಿಯಾಯಿತು, ಕುಡಿದವನು ನಾನೇ ಎಂಬುದು ಮರೆತೇ ಹೋಗಿತ್ತು.

ನಮ್ಮ ಅಂಗಡಿಯಲ್ಲಿ ಫಕ್ಕೀರಪ್ಪ ಕಾಕಾ ಎಂಬ ಹಿರಿಯ ಹಮಾಲರಿದ್ದಾರೆ. ನಾನು ಹುಟ್ಟುವ ಮುಂಚಿನಿಂದ ಚೀಲ ಹೊರುತ್ತಿದ್ದಾರೆ. ಮೆಣಸಿನಕಾಯಿ ಒಣಗಿದೆಯೋ ಹಸಿ ಉಳಿದಿದೆಯೋ ಎಂದು ಯಂತ್ರಕ್ಕಿಂತ ಮೊದಲು ಅವರು ಹೇಳುತ್ತಾರೆ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಣಗಿದ್ದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ನೀರು ಹೊಡೆದು ತೂಕ ಏರಿಸಿ ತಂದಿದ್ದರೆ ಸಪ್ಪಳ ಬರುವುದಿಲ್ಲ. ಅವರು ಅಂಕಿ ನೋಡಿದರು, ನನ್ನನ್ನು ನೋಡಿದರು, ಹತ್ತಿರ ಬಂದು ನನ್ನ ಹೊಟ್ಟೆಯ ಮೇಲೆ ಎರಡು ಬೆರಳಿನಿಂದ ತಟ್ಟಿದರು. ಕೊಡ ಅಲ್ಲಾಡಿದಂತೆ ಸಪ್ಪಳ ಬಂತು.

"ಇದು ತೂಕ ಅಲ್ಲ ತಮ್ಮಾ, ಹಸಿ ಇದು. ತಾಸಿನಾಗ ಇಳೀತೈತಿ" ಎಂದರು. "ಕಾಟಾಕ್ಕ ಮೋಸ ಮಾಡಬಹುದು, ಕೈಗೆ ಮಾಡಾಕ ಬರೂದಿಲ್ಲ."

ಇಳಿಯಿತು. ಅತ್ತಿಗೆಗೆ ನಲವತ್ಮೂರು ಮುನ್ನೂರೇ ಎಂದು ಹೇಳಿದೆ. ಅವಳು ತಾನೂ ಈ ವಾರ ಎರಡು ದಿನ ಗುಳಿಗೆ ತಪ್ಪಿಸಿದೆ ಎಂದಳು. ಅದಾದ ಮೇಲೆ ಇಬ್ಬರೂ ತಪ್ಪಿಸಲಿಲ್ಲ. ಮುಂದಿನ ವಾರ ಅಂಕಿ ತಾನಾಗಿಯೇ ಅಲ್ಲಾಡಿತು. ದೇಹಕ್ಕೂ ದನದಂತೆ ಒಂದು ಸ್ವಭಾವವಿದೆ. ಎಳೆದರೆ ಕಾಲೂರಿ ನಿಲ್ಲುತ್ತದೆ, ದಿನಾ ಅದೇ ಹೊತ್ತಿಗೆ ಮೇವು ಹಾಕಿದರೆ ತಾನಾಗಿಯೇ ಹಿಂದೆ ಬರುತ್ತದೆ.

ಆದರೂ ನಾವು ಎಣಿಸಿದಷ್ಟು ದಿನ ನಮಗೆ ಸಿಗಲಿಲ್ಲ. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಹನ್ನೆರಡು ದಿನ ಇದ್ದಾಗ, ಒಂದು ಬುಧವಾರ ಬೆಳಿಗ್ಗೆ, ಅತ್ತಿಗೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಫೋನ್ ಬಂತು. ಆಪರೇಷನ್ ಆಗಬಹುದು, ಎರಡು ಬಾಟಲಿ ರಕ್ತ ನೋಡಿಡಿ ಎಂದಿದ್ದರು. ಹಾವೇರಿಯ ರಕ್ತನಿಧಿಗೆ ಕೇಳಿದರೆ ಆ ಗುಂಪಿನದು ಒಂದೇ ಬಾಟಲಿ ಇದೆ, ಕೊಡುತ್ತೇವೆ, ಎರಡನೆಯದಕ್ಕೆ ಯಾರಾದರೂ ಬರಬೇಕು ಎಂದರು. ನಾನು ಅಂಗಡಿಯ ಕಾಟಾಕ್ಕೆ ಓಡಿದೆ. ನಲವತ್ನಾಲ್ಕು ನಾನೂರು. ಆರು ನೂರು ಗ್ರಾಂ ಕಡಿಮೆ.

ಅಣ್ಣ ಅಂಕಿ ನೋಡಿದ. ಒಳಗೆ ಹೋಗಿ, ಹಳೇ ತಕ್ಕಡಿಯ ಕಾಲದ ಎರಡು ಹಿತ್ತಾಳೆಯ ತೂಕದ ಬೊಟ್ಟು ತಂದ, ಅರ್ಧ ಕಿಲೋದವು. ನನ್ನ ಪ್ಯಾಂಟಿನ ಎರಡೂ ಕಿಸೆಗೆ ತಾನೇ ಹಾಕಿದ.

"ಒಂದ ಕಡೆ ಹಾಕಿದ್ರ ವಾಲತೀದಿ" ಎಂದ.

ಕಿಸೆಗೆ ಬೊಟ್ಟು ಹಾಕುವಾಗಲೂ ಸಮತೋಲ ನೋಡುವವನು ನಮ್ಮಣ್ಣ. ಫೋನ್ ಬಂದಾಗಿನಿಂದ ಅವನು ಚಪ್ಪಲಿ ಕೂಡ ಮೆಟ್ಟಿರಲಿಲ್ಲ, ಆದ್ದರಿಂದ ನಾನು ಬೇಡ ಎನ್ನಲಿಲ್ಲ. ಹಾವೇರಿಯವರೆಗೆ ಬೈಕಿನ ಹಿಂದೆ ಕೂತು ಒಂದು ಕೈಯಲ್ಲಿ ಅವನನ್ನು, ಒಂದು ಕೈಯಲ್ಲಿ ಪ್ಯಾಂಟನ್ನು ಹಿಡಿದುಕೊಂಡಿದ್ದೆ.

ಜನವರಿಯಲ್ಲಿ ಇದ್ದ ಅದೇ ಸಿಸ್ಟರು ಇದ್ದರು. ನನ್ನ ಗುರುತು ಹಿಡಿದರು. ಕಾಟಾ ಹತ್ತಿದೆ. ನಲವತ್ತಾರು ನಾನೂರು. ಅವರು ಅಂಕಿ ನೋಡಿ, ಹಳೇ ಪುಸ್ತಕ ತೆಗೆದು ಬೆರಳಿಟ್ಟು ನೋಡಿ, ಮುಖ ಅರಳಿಸಿ ನಕ್ಕರು. ಏನು ತಿಂದಿರಿ, ನಮ್ಮ ಮಗಳೂ ನಿಮ್ಮ ಹಾಗೇ ಇದ್ದಾಳೆ, ಹೇಳಿ, ಅವಳಿಗೂ ಮಾಡಿ ಹಾಕುತ್ತೇನೆ ಎಂದರು. ಪೆನ್ನು ಹಿಡಿದು ಬರೆದುಕೊಳ್ಳಲು ಕೂತೇಬಿಟ್ಟರು. ಅವರ ಮಗಳಿಗೆ ನಾನು ಏನು ಹೇಳಲಿ? ಹನ್ನೊಂದಕ್ಕೆ ಶೇಂಗಾ, ಮಲಗುವಾಗ ಹಾಲು, ಕಿಸೆಯಲ್ಲಿ ಒಂದು ಕಿಲೋ ಹಿತ್ತಾಳೆ ಎನ್ನಲೇ? ಫಕ್ಕೀರಪ್ಪ ಕಾಕಾ ಮತ್ತೆ ನನ್ನ ಹೊಟ್ಟೆಯ ಮೇಲೆ ಎರಡು ಬೆರಳು ತಟ್ಟಿದಂತಾಯಿತು. ಎರಡೂ ಬೊಟ್ಟು ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಬಾಗಿಲಲ್ಲಿ ನಿಂತಿದ್ದ ಅಣ್ಣ ಗೋಡೆಯ ಕಡೆ ತಿರುಗಿದ.

ಸಿಸ್ಟರು ಬೈಯಲಿಲ್ಲ. ಒಂದು ಬೊಟ್ಟು ಎತ್ತಿ ನೋಡಿ ಕೆಳಗಿಟ್ಟರು.

"ಈ ನಲವತ್ತೈದು ನಮಗ ಅಲ್ರಿ ತಮ್ಮಾ, ನಿಮಗ. ಕೊಟ್ಟ ಮ್ಯಾಲ ನೀವು ಎದ್ದು ನಡಕೊಂಡು ಹೋಗಬೇಕಲ್ಲ?"

ಮೂರು ತಿಂಗಳು ನಾನು ಆ ಅಂಕಿಯನ್ನು ನನ್ನನ್ನು ಒಳಗೆ ಬಿಡದ ಬಾಗಿಲು ಎಂದುಕೊಂಡಿದ್ದೆ. ಅದು ನನ್ನ ಕಡೆಗೇ ನಿಂತು ಕಾಯುತ್ತಿದ್ದ ಕಾವಲುಗಾರ ಎಂದು ಹೊಳೆದಿರಲಿಲ್ಲ. ಇನ್ನೊಮ್ಮೆ ಹತ್ತಿ ಎಂದರು. ಹತ್ತಿದೆ, ಕಣ್ಣು ಮುಚ್ಚಿಕೊಂಡೆ. ನಲವತ್ತಾರು ನಾನೂರರಲ್ಲಿ ಬೊಟ್ಟಿನ ಒಂದು ಕಿಲೋ ಕಳೆಯಲು ಕೂಡ ಗಾಬರಿಯಲ್ಲಿ ಆಗಿರಲಿಲ್ಲ.

"ನಲವತ್ತೈದು ನಾನೂರು. ಆತಲ್ರಿ. ಅವನ್ಯಾಕ ಹೊತಗೊಂಡು ಬಂದ್ರಿ?" ಎಂದರು ಸಿಸ್ಟರು.

ಅದು ನನಗೂ ಗೊತ್ತಾಗಲಿಲ್ಲ. ಅವರು ಬೆರಳು ಚುಚ್ಚಿ, ರಕ್ತದೊತ್ತಡ ನೋಡಿ, ಮಲಗಿಸಿದರು. ಮುನ್ನೂರೈವತ್ತು ಎಂಎಲ್. ನನ್ನ ಹತ್ತು ದಿನದ ಗಳಿಕೆ ಹತ್ತು ನಿಮಿಷದಲ್ಲಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿಯಿತು. ಬಿಸ್ಕಿಟ್ಟು, ಜ್ಯೂಸು ಕೊಟ್ಟರು. ನಿಮ್ಮ ರಕ್ತ ಪರೀಕ್ಷೆಯಾಗಿ ಸಂಜೆಗೆ ಸಿಗುತ್ತದೆ, ಈಗ ಇದನ್ನು ಒಯ್ಯಿರಿ ಎಂದು ಇದ್ದ ಒಂದು ಬಾಟಲಿಯನ್ನು ಐಸಿನ ಡಬ್ಬಿಯಲ್ಲಿ ಇಟ್ಟುಕೊಟ್ಟರು. ಯಾರೋ ಎಂದೋ ಕೊಟ್ಟಿದ್ದು. ಅಣ್ಣ ಅದನ್ನು ಎದೆಗೆ ಕಟ್ಟಿಕೊಂಡು ಬೈಕಿನಲ್ಲಿ ರಾಣೆಬೆನ್ನೂರಿಗೆ ಹೋದ. ಮಧ್ಯಾಹ್ನ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ಆ ಒಂದೇ ಬಾಟಲಿ ಸಾಕಾಯಿತು. ಗುಳಿಗೆ ನುಂಗಿದ್ದಕ್ಕೆ ಎರಡನೆಯದು ಬೇಕಾಗಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ನನ್ನದು ಅಲ್ಲಿಯೇ ಫ್ರಿಜ್ಜಿನಲ್ಲಿ ಉಳಿಯಿತು, ಯಾರಿಗೋ ಎಂದೋ ಬೇಕಾಗಲಿ ಎಂದು. ಮೊದಲು ಸ್ವಲ್ಪ ಬೇಜಾರಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಅತ್ತಿಗೆಗಾಗಿ ತಿಂದ ಶೇಂಗಾ ಯಾರ ಮೈಗೋ ಹೋಯಿತಲ್ಲ! ಆಮೇಲೆ ಅನ್ನಿಸಿತು, ಅತ್ತಿಗೆಯ ಮೈಗೆ ಹೋದದ್ದೂ ಯಾರೋ ತಿಂದ ರೊಟ್ಟಿಯೇ.

ಮರುದಿನ ಅಂಗಡಿಯಲ್ಲಿ ಫಕ್ಕೀರಪ್ಪ ಕಾಕಾಗೆ ಈ ಸೋಜಿಗ ಹೇಳಿದೆ. ಇಲ್ಲಿ ನಲವತ್ನಾಲ್ಕು ನಾನೂರು, ಅಲ್ಲಿ ನಲವತ್ತೈದು ನಾನೂರು, ಯಾವ ಕಾಟಾ ಸುಳ್ಳು? ಅವರು ಎರಡೂ ಖರೆ ಎಂದರು. ನನ್ನನ್ನು ಕಾಟಾದ ಮುಂದೆ ನಿಲ್ಲಿಸಿ, ಖಾಲಿ ಹಾಸನ್ನು ತೋರಿಸಿ, ಅಂಕಿ ಓದು ಎಂದರು. ಓದಿದೆ. ಮೈನಸ್ ಒಂದು.

ಈಗ ನನ್ನ ತಪ್ಪು ಹೇಳುತ್ತೇನೆ. ನಮ್ಮ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಸಮೇತ ಕಾಟಾ ಹತ್ತುತ್ತದೆ. ಖಾಲಿ ಗೋಣಿಚೀಲ ಒಂದು ಕಿಲೋ ತೂಗುತ್ತದೆ. ಪ್ರತಿ ಸಲ ಕಳೆಯುವ ತಾಪತ್ರಯ ಬೇಡ ಎಂದು ಕಾಟಾವನ್ನೇ ಹಾಗೆ ಇಟ್ಟಿರುತ್ತೇವೆ, ಏನೇ ಹೇರಿದರೂ ಚೀಲದ ಒಂದು ಕಿಲೋ ಕಳೆದೇ ತೋರಿಸುತ್ತದೆ. ಖಾಲಿ ಇದ್ದಾಗ ಮೈನಸ್ ಒಂದು. ಇದು ನನಗೆ ಗೊತ್ತಿಲ್ಲದ ವಿಷಯವೇ? ಸೀಸನ್ನಿನಲ್ಲಿ ದಿನಕ್ಕೆ ನೂರು ಚೀಲದ ತೂಕ ಬರೆಯುವವನು ನಾನು. ಆ ಮೈನಸ್ ಒಂದು ನನ್ನ ಕಣ್ಣಿಗೆ ಸೊನ್ನೆಯೇ ಆಗಿಹೋಗಿತ್ತು.

"ಚೀಲದ ತೂಕ ಕಳದು ತೋರಸತೈತಿ ಅದು. ನೀ ಯಾವಾಗ ಚೀಲದಾಗ ಕುಂತು ತೂಗಿಸಿಕೊಂಡಿದ್ದಿ?" ಎಂದರು ಕಾಕಾ. ನಗಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತೆ ಕೇಳಿದರು.

ಗೋಡೆಯ ಮೇಲಿನ ಪೆನ್ಸಿಲ್ ಅಂಕಿಗಳನ್ನು ನೋಡಿದೆ. ಹದಿನಾಲ್ಕು ವಾರ, ಪ್ರತಿ ವಾರ, ನನ್ನ ಮೇಲೆ ಇಲ್ಲದ ಚೀಲವೊಂದನ್ನು ಕಳೆಯುತ್ತ ಬಂದಿದ್ದೆ. ಬೇರೆಯವರು ಕಣ್ಣಲ್ಲಿ ತೂಗಿ ಕಡಿಮೆ ಹೇಳುತ್ತಾರೆ ಎಂದು ಇಷ್ಟು ವರ್ಷ ಸಿಟ್ಟಾಗಿದ್ದವನು ನಾನು. ನಾನೇ ಅವರಿಗಿಂತ ಒಂದು ಕಿಲೋ ಮುಂದಿದ್ದೆ. ಎಷ್ಟೋ ದಿನದಿಂದ ಕನ್ನಡಿಯ ಮುಂದೆಯೂ ಹೀಗೇ ನಿಲ್ಲುತ್ತಿದ್ದೆನೇನೋ, ಮೊದಲೇ ಮೈನಸ್ ಒಂದು ಇಟ್ಟುಕೊಂಡು.

ಹದಿನೈದು ದಿನ ಬಿಟ್ಟು ಆಯಿಯನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ನಾವು ಹೋದ ಹೊತ್ತಿಗೇ ಆಶಾ ಕಾರ್ಯಕರ್ತೆ ಕೂಸನ್ನು ತೂಗಲು ಬಂದಿದ್ದಳು. ಬಟ್ಟೆಯ ಜೋಳಿಗೆ, ಮೇಲೆ ಗಡಿಯಾರದಂಥ ಒಂದು ತೂಕದ ಮುಳ್ಳು. ಹುಟ್ಟಿದಾಗ ಎರಡು ಕಿಲೋ ಆರು ನೂರು ಇತ್ತಂತೆ. ಮೊದಲ ವಾರದಲ್ಲಿ ಎಲ್ಲಾ ಕೂಸುಗಳೂ ಸ್ವಲ್ಪ ಇಳಿಯುತ್ತವಂತೆ, ಕ್ರಮೇಣ ಏರುತ್ತವಂತೆ. ನನಗೆ ಕೂಸಿನ ಮೇಲೆ ಒಮ್ಮೆಲೇ ಬಹಳ ಪ್ರೀತಿ ಬಂತು. ಮೂರು ತಿಂಗಳಲ್ಲಿ ನಾನು ಮೂರು ಕಿಲೋ ನಾನೂರು ಗಳಿಸಿ ಬರೀ ಎರಡು ಕೆನ್ನೆ ಮಾಡಿಕೊಂಡಿದ್ದೆ. ಅತ್ತಿಗೆ ಅದಕ್ಕಿಂತ ಕಡಿಮೆಯಲ್ಲಿ ಕಣ್ಣು, ಮೂಗು, ಉಗುರು, ಸಿಟ್ಟು ಎಲ್ಲಾ ಇರುವ ಒಂದು ಮನುಷ್ಯಜೀವವನ್ನೇ ಮಾಡಿದ್ದಳು.

ಆಶಾ ಕಾರ್ಯಕರ್ತೆ ಮೊದಲು ಖಾಲಿ ಜೋಳಿಗೆಯನ್ನೇ ತೂಗುಹಾಕಿ, ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದಳು. ಆಯಿ ಅದನ್ನು ನೋಡಿದಳು. ಯಾಕೆ ಎಂದು ಕೇಳಿದಳು. ಜೋಳಿಗೆಯ ತೂಕ ಕಳೆಯಬೇಕಲ್ಲ ಅಜ್ಜಿ ಎಂದಳು ಆಕೆ.

"ಯಾಕ ಕಳೀತೀಯವಾ? ಕೂಸಿಗೆ ಇರ್ಲಿ ಬಿಡು" ಎಂದಳು ಆಯಿ. ಕೂಸಿನ ಪಾಲಿನದ್ದನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಎಂಬಂತೆ ಜೋಳಿಗೆಯ ಅಂಚು ಹಿಡಿದುಕೊಂಡಳು.

ಕೂಸನ್ನು ಇಟ್ಟರು. ಎರಡು ಕಿಲೋ ಎಂಟುನೂರು. ತನ್ನ ಕಾಕಾನ, ಎಂದರೆ ನನ್ನ, ಹಾಗೆ ಇದೂ ಕಡ್ಡಿಯಾಗುತ್ತದೋ ಏನೋ ಎಂದು ಆಯಿ ಗೊಣಗಿದಳು. ಒಳಗೆ ಮಂಚದ ಮೇಲಿನಿಂದ ಅತ್ತಿಗೆ, ಏರುತ್ತಿದೆಯಲ್ಲ, ಅಷ್ಟು ಸಾಕು ಎಂದಳು. ನಾನು ಆಯಿಯ ಪಕ್ಕ ಕೂತು ಸಮಾಧಾನವಾಗಿ ಹೇಳಿದೆ: ಕೂಸು ಜೋಳಿಗೆಯ ಒಳಗಿದೆ, ಆದ್ದರಿಂದ ಜೋಳಿಗೆಯ ತೂಕ ಕಳೆಯುವುದು ಸರಿ. ಅದು ಹೊರಗೆ ಬಂದು ತಾನೇ ನಿಂತ ದಿನದಿಂದ ಯಾರೂ ಏನೂ ಕಳೆಯಬಾರದು, ನಾನು ನೋಡಿಕೊಳ್ಳುತ್ತೇನೆ.

"ನಿನಗೇನ ತಿಳೀತೈತಿ ಇದರಾಗ" ಎಂದಳು ಆಯಿ.

ನಾನು ಸ್ವಂತ ಕಲಿತ ವಿದ್ಯೆಗಳಲ್ಲಿ ಹಾರ್ಮೋನಿಯಂ ಅರ್ಧ, ಮೋಟಾರು ಅರ್ಧ. ಇದೊಂದನ್ನು ಮಾತ್ರ ಪೂರ್ತಿ ಕಲಿತಿದ್ದೆ.